ಬಾಣಂತಿಯ ಮೊಟ್ಟೆ

ನಾಟಿ ಕೋಳಿಯದೇ ಬೇಕು, ನಿನ್ನೆ ಮೊನ್ನೆ ಇಟ್ಟದ್ದು,
ಔಷಧಿ ತಿನ್ನದ ಕೋಳಿ ಇಟ್ಟದ್ದು
ಅಂತ ತೀನ್ ಕಂದೀಲಿನ ಅಂಗಡಿಯಲ್ಲಿ ಹೇಳಿದರೆ
"ಬಾಣಂತಿಗೇನ್ರಿ ಅಕ್ಕಾ?" ಅಂದ ಹುಡುಗ.
ಹೂಂನಪ್ಪಾ ಅಂದೆ.
ಏನಂತ ಹೇಳಲಿ, ಕ್ಷಯದ ಕ್ರಿಮಿಗೆ ಅಂತಲೇ?

ರಾಯಚೂರಿನ ಮೇ ತಿಂಗಳು.
ಲ್ಯಾಬಿನ ಗೋಡೆ ಮುಟ್ಟಿದರೆ ಕಾದ ಹೆಂಚು.
ಮಸ್ತಾನಬೀ ಮೊಟ್ಟೆಗಳನ್ನು ತಿಕ್ಕಿ ತೊಳೆದು
ಸ್ಪಿರಿಟ್ಟಿನಲ್ಲಿ ಮೀಯಿಸುತ್ತಾಳೆ.
ನಾನು ಒಡೆದು, ಕಲಕಿ, ಅರಿವೆಯಲ್ಲಿ ಸೋಸಿ
ಹಸಿರು ಬಣ್ಣ ಬಿಡುತ್ತೇನೆ.
ಆ ಹಸಿರು ಉಳಿದ ಕ್ರಿಮಿಗಳಿಗೆ ವಿಷ,
ಇದೊಂದಕ್ಕೆ ಬೇವಿನ ನೆರಳು.
ಆಮೇಲೆ ಬಾಟಲಿಗಳನ್ನು, ಕೂಸನ್ನು ಮಗ್ಗುಲಿಗೆ ಹಾಕಿದ ಹಾಗೆ,
ಓರೆಯಾಗಿ ಮಲಗಿಸಿ
ಬಿಸಿ ಕೊಡಬೇಕು.
ಕುದಿಯಬಾರದು. ಹಸಿಯೂ ಉಳಿಯಬಾರದು.

ಮೊದಲ ಸಲ ಗುಳ್ಳೆ ಎದ್ದವು.
ಎರಡನೆಯ ಸಲ ಕರೆಂಟು ಹೋಯಿತು
(ಅತ್ತ ಶಕ್ತಿನಗರ ಕಲ್ಲಿದ್ದಲು ಉರಿಸುತ್ತಲೇ ಇತ್ತು,
ಯಾರ ಮನೆಯ ದೀಪಕ್ಕೋ).
ನೂರಾ ಹತ್ತು ಮೊಟ್ಟೆ ಬಕೆಟ್ಟಿಗೆ ಸುರಿದೆವು.
ಮಸ್ತಾನಬೀ ತುಟಿ ಬಿಚ್ಚಲಿಲ್ಲ.
ಅವಳ ಮೊಮ್ಮಗನಿಗೆ ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ
ಜ್ವರ ಬಂದರೂ ತಪ್ಪಿಸುವುದಿಲ್ಲ ಅಂತ
ಅವಳೇ ಹೇಳಿದ್ದಳು ಒಮ್ಮೆ.

ಮೂರನೆಯದು ಹದಕ್ಕೆ ಬಂತು.
ಅದರ ಮೇಲೆ ಹಟ್ಟಿಯಿಂದ ಬಂದ ಕಫ.
ಚೀಟಿಯಲ್ಲಿ: ಅಮರಪ್ಪ, ನಲವತ್ತೊಂದು, ಗಣಿ ಕೆಲಸ.
ಬಂಗಾರದ ಗಣಿ ಅಂತ ಬರೆದಿರಲಿಲ್ಲ.

ಭೇದಿಯ ಕ್ರಿಮಿಯಾದರೆ ರಾತ್ರಿ ಬಿತ್ತಿ ಬೆಳಗ್ಗೆ ನೋಡಬಹುದು.
ಇದಕ್ಕೆ ಅವಸರವೆಂಬುದಿಲ್ಲ.
ಮೂರನೆಯ ವಾರ ರಿಜಿಸ್ಟರಿನಲ್ಲಿ "ಏನೂ ಇಲ್ಲ".
ಐದನೆಯ ವಾರವೂ.
ಬಾಟಲಿಯನ್ನು ಬೆಳಕಿಗೆ ಹಿಡಿದು ಬೈದೆ:
ಇಷ್ಟು ಮಾಡಿ ಬಡಿಸಿದ್ದೀನಿ, ಉಣ್ಣೋದಕ್ಕೇನು ಧಾಡಿ?

ಆರನೆಯ ವಾರ, ಬುಧವಾರ,
ಹಸಿರಿನ ಮೇಲೆ
ಒಣ ಜೋಳದ ರೊಟ್ಟಿ ಮುರಿದಾಗ ಉದುರುವಂಥ
ನಾಲ್ಕೈದು ಚೂರು.
ಬಂತು, ಬಂತು! ಅಂತ ಕೂಗಿಬಿಟ್ಟೆ.
ಒದ್ದೆ ಕೈಯಲ್ಲೇ ಓಡಿ ಬಂದ ಮಸ್ತಾನಬೀ
"ಗಂಡೋ ಹೆಣ್ಣೋ?" ಅಂದಳು.
ಇಬ್ಬರೂ ನಕ್ಕೆವು,
ಬಾಟಲಿ ತಿರುಗಿ
ಚೀಟಿ ನಮ್ಮ ಕಡೆಗೆ ಬರುವ ತನಕ.

ಉಂಡ ಮನೆಯ ಜಂತಿ ಎಣಿಸಬಾರದಂತೆ.
ಇಲ್ಲಿ ಉಣಿಸಿದವಳೇ
ಉಂಡವರ ತಲೆ ಎಣಿಸುತ್ತೇನೆ.
ಒಂದು, ಎರಡು, ಮೂರು... ಐದು.
ಇನ್ನು ಔಷಧಿ ಬೆರೆಸಿದ ನಾಲ್ಕು ಬಾಟಲಿ ಮಾಡಬೇಕು.
ಅದೇ ಮೊಟ್ಟೆ, ಅದೇ ಹಸಿರು, ಅದೇ ಆರೈಕೆ;
ಅವುಗಳಲ್ಲಿ ಮಾತ್ರ ಏನೂ ಹುಟ್ಟದಿರಲಿ,
ನಾಲ್ಕರಲ್ಲೂ.

ನಾಳೆ ಮತ್ತೆ ಅಂಗಡಿಗೆ ಹೋಗಬೇಕು.
ಆ ಹುಡುಗ ಕೇಳುತ್ತಾನೆ,
ಬಾಣಂತಿ ಹೆಂಗದಾಳ್ರಿ ಅಂತ.