ದಂಡದ ರಸೀದಿ

ಮುನಿಸಿಪಾಲಿಟಿಯ ಗುಮಾಸ್ತ ನಾನು, ಹೆಸರು ಬೇಡ.
ಮೂವತ್ತೊಂದು ವರ್ಷ ಬರೆದದ್ದೆಲ್ಲ ಬೇರೆಯವರ ಮಾತು.
ಇದೊಂದು ನನ್ನದು.

ಅಂಗರಪ್ಪನವರು ಹುಟ್ಟಿದ್ದು ಬೋಳಾರದ ಕೆಸರಂಚಿನಲ್ಲಿ,
ಮಡಲು ಹೊದೆಸಿದ ಗುಡಿಸಲೊಳಗೆ.
ಒಂಬತ್ತಕ್ಕೆ ಮಿಶನ್ನಿನ ಕಾರ್ಖಾನೆ, ದಿನಕ್ಕೊಂದಾಣೆ,
ದೋಣಿಯಿಂದ ಗಾಣಕ್ಕೆ ತಲೆ ಮೇಲೆ ಆವೆಮಣ್ಣು.
"ಕತ್ತು ಗಿಡ್ಡವಾದದ್ದು ಅದರಿಂದಲೇ" ಎಂದು
ಮುಂದೆ ಕಲೆಕ್ಟರ ದೊರೆಯ ಎದುರೇ ನಕ್ಕಿದ್ದರು,
ಕೋಟಿನ ಮೇಲುಗುಂಡಿ ಹಾಕಲಾಗದೆ.

ಮೇಲೆ ಬಂದ ಬಗೆಗೆ ಊರಲ್ಲಿ ಹತ್ತು ಕತೆ.
ನನಗೆ ಗೊತ್ತಿರುವುದಿಷ್ಟು:
ಬೆಂಕಿಯ ಬಣ್ಣ ನೋಡಿಯೇ
ಗೂಡಿನೊಳಗಿನ ಹಂಚು ಬೆಂದಿತೋ ಇಲ್ಲವೋ ಹೇಳಬಲ್ಲವರು
ಹೊಳೆಯ ಎರಡೂ ದಡ ಸೇರಿ ಇಬ್ಬರೇ ಇದ್ದರು.
ಇನ್ನೊಬ್ಬರು ಜ್ವರದಲ್ಲಿ ತೀರಿಕೊಂಡರು.

ಆಮೇಲೆ ಜೆಪ್ಪಿನಲ್ಲಿ ಸ್ವಂತ ಚಿಮಣಿ.
ಏಡಿ ಮುದ್ರೆಯ ಹಂಚು ರಂಗೂನಿಗೂ ಹೋಯಿತು.
ಆಮೇಲೆ ನಮ್ಮ ಅಧ್ಯಕ್ಷರ ಕುರ್ಚಿ.
ಕೂರುವ ಮುನ್ನ ಅದನ್ನೂ ಬೆರಳಗೆಣ್ಣಿನಿಂದ ಬಡಿದು
ಕಿವಿಗೊಟ್ಟರು.
ಯಾರಾದರೂ ಉದ್ದ ಭಾಷಣ ಬಿಗಿದರೆ
ಮೇಜು ಕುಟ್ಟಿ ಹೇಳುವುದು ಒಂದೇ ಮಾತು: "ಬೆಂದಿಲ್ಲ."

ಆ ವರ್ಷದ ಆಟಿ ತಿಂಗಳಲ್ಲಿ
ಅವರ ಗೂಡಿನ ಹಿಂದಿನ ಮಣ್ಣುಹೊಂಡ ತುಂಬಿತು.
ಹಂಚು ಹೊರುವ ಸೇಸುವಿನ ಮಗ, ಏಳು ವರ್ಷ.
ಸಂಜೆಯ ಸೈರನ್ನಿನ ತನಕ
ಹುಡುಗ ಎಲ್ಲೋ ಆಡುತ್ತಿದ್ದಾನೆಂದೇ ಎಲ್ಲರೂ ತಿಳಿದಿದ್ದರು.

ಮುಂದಿನ ಸಭೆಗೆ ಠರಾವು ತಂದವರು ಅವರೇ:
ಬೇಲಿಯಿಲ್ಲದ ಹೊಂಡಕ್ಕೆ ಐವತ್ತು ರೂಪಾಯಿ ದಂಡ.
ಸದಸ್ಯರಲ್ಲಿ ನಾಲ್ವರು ಹಂಚಿನ ಧಣಿಗಳು.
"ಹೊಂಡ ತೋಡದೆ ಊರಿಗೆ ಮಾಡು ಎಲ್ಲಿಂದ?"
ಅಂಗರಪ್ಪನವರು ಮೇಜು ಕುಟ್ಟಲಿಲ್ಲ.
ಓಟು ಸಮಸಮ ಬಿತ್ತು.
ಅಧ್ಯಕ್ಷರ ಓಟು ಸೇರಿ ಪಾಸಾಯಿತು.

ಮಧ್ಯಾಹ್ನ ನನ್ನ ಕಿಟಕಿಯ ಸಾಲಿನಲ್ಲಿ,
ಲೈಸೆನ್ಸಿಗೆ ಬಂದ ಕಸಾಯಿಯ ಬೆನ್ನಿಗೆ, ನಿಂತಿದ್ದರು.
ನೋಟುಗಳು ಒದ್ದೆಯಾಗಿದ್ದವು, ಮಳೆಗೋ ಕೈಗೋ.
"ಯಾರ ಹೆಸರಿಗೆ?" ಕೇಳಿದೆ, ಕೇಳಬೇಕಾದ ಕ್ರಮ.
"ಏಡಿ" ಎಂದರು.
ಬರೆದೆ. ರಸೀದಿಗೆ ಅಧ್ಯಕ್ಷರ ರುಜು ಬೇಕು.
ಅಲ್ಲೇ ಕಟ್ಟೆಯ ಮೇಲಿಟ್ಟು ರುಜು ಹಾಕಿದರು,
ಮೂವತ್ತಕ್ಕೆ ಅಕ್ಷರ ಕಲಿತ ಕೈ,
ಹಸಿಮಣ್ಣಿಗೆ ಅಚ್ಚು ಒತ್ತಿದ ಹಾಗೆ,
ಕೆಳಗಿನ ಮೂರು ಹಾಳೆಗೂ ಇಳಿಯಿತು.

ಆ ಐವತ್ತು ದೀಪದೆಣ್ಣೆಯ ಖಾತೆಗೆ ಹೋಯಿತು.
ಯಾವ ಬೀದಿಯ ದೀಪ, ಲೆಕ್ಕದಲ್ಲಿಲ್ಲ.

ಈಗ ಅವರ ಹೆಸರಿಗೊಂದು ಕಲ್ಲು ಇದೆ,
ದಾನಿ, ಧೀಮಂತ, ಇನ್ನೂ ಏನೇನೋ.
ಅಡಿಪ್ರತಿ ನನ್ನ ಪೆಟ್ಟಿಗೆಯಲ್ಲಿ.
ಗೆದ್ದಲು ಹೆಸರು ತಿಂದಿದೆ, ಮೊತ್ತ ಬಿಟ್ಟಿದೆ.

ಸೇಸು ಮರುವಾರವೇ ಕೆಲಸಕ್ಕೆ ಬಂದಳಂತೆ.
ಬೇಲಿಯ ಪಕ್ಕದ ದಾರಿ ಬಿಟ್ಟು
ಸುತ್ತು ಬಳಸಿ.