ಮಗ್ಗುಲು

ಬೆಳಿಗ್ಗೆ ಎಂಟಕ್ಕೆ ನಿಟುವಳ್ಳಿಯ ಆ ಮನೆ.
ಚಪ್ಪಲಿ ಬಿಟ್ಟು, ಕೈ ತೊಳೆದು, ಮೊದಲು ನೋಡುವುದು ನೋಟ್‌ಬುಕ್ಕು.
ಏಜೆನ್ಸಿಯವರು ಕೊಟ್ಟದ್ದು. ನೀಲಿ ರಟ್ಟು,
ಮೇಲೆ ನಗುವ ನರ್ಸಮ್ಮನ ಚಿತ್ರ.
ಅಂಥ ಇಸ್ತ್ರಿ ನಮ್ಮಲ್ಲಿ ಯಾರ ಬಟ್ಟೆಗೂ ಇಲ್ಲ.

ರಾತ್ರಿ ಪಾಳಿ, ಅಂಜಿನಪ್ಪನ ಅಕ್ಷರ:
ಹತ್ತಕ್ಕೆ ಬಲ ಮಗ್ಗುಲು. ಹನ್ನೆರಡಕ್ಕೆ ಎಡ.
ಎರಡಕ್ಕೆ ಬಲ. ನಾಲ್ಕಕ್ಕೆ ಎಡ. ಆರಕ್ಕೆ ಅಂಗಾತ.
ಐದೂ ಸಾಲು ಒಂದೇ ಓಟ, ಒಂದೇ ಬಾಗು.
ನಿದ್ದೆಗಣ್ಣಲ್ಲಿ ಎದ್ದವನ ಅಕ್ಷರ
ಎರಡು ಗಂಟೆ ರಾತ್ರಿಗೆ ಇಷ್ಟು ನೆಟ್ಟಗೆ ನಿಲ್ಲುವುದಿಲ್ಲ.

ಚನ್ನವೀರಪ್ಪನವರನ್ನು ಮೆಲ್ಲಗೆ ಹೊರಳಿಸಿದೆ.
ಬಲಸೊಂಟದ ಎಲುಬಿನ ಮೇಲೆ, ಅರಿವಿಲ್ಲದ ಕಡೆ,
ನಾಲ್ಕಾಣೆ ಅಗಲ ಕೆಂಪು.
ಬೆರಳಿಟ್ಟು ಒತ್ತಿ ಬಿಟ್ಟೆ.
ಬೆಳ್ಳಗಾಗಲಿಲ್ಲ.
ಮೂರು ದಿನದ ತರಬೇತಿಯಲ್ಲಿ ನೆನಪುಳಿದದ್ದು ಇದೊಂದೇ:
ಒತ್ತಿದರೆ ಬಿಳುಪಾಗುವ ಕೆಂಪು ಇನ್ನೂ ಮಾತು ಕೇಳುತ್ತದೆ,
ಆಗದ ಕೆಂಪು ಒಳಗೆ ಆಗಲೇ ಕೆಲಸ ಶುರುಮಾಡಿದೆ.

ಕಾಟನ್ ಮಿಲ್ಲಿನ ಮಗ್ಗದ ಮುಂದೆ ನಿಂತು
ಹದಿನೇಳು ವರ್ಷ ಕಡಿದ ನೂಲು ಕೂಡಿಸಿದ ಮನುಷ್ಯ.
ಮಿಲ್ಲು ಹೋಯಿತು. ಆಮೇಲೆ ಮಾತು, ಆಮೇಲೆ ಬಲಗಡೆ.
ಎಡಗೈಯ ಎರಡು ಬೆರಳು ಮಾತ್ರ ಇನ್ನೂ ಪಾಳಿಯಲ್ಲಿವೆ.
ಹೊರಳಿಸಿದಾಗಲೆಲ್ಲ ಕಂಬಳಿಯ ಕುಚ್ಚು ಹುಡುಕಿ
ಒಂದು ಗಂಟು ಹಾಕುತ್ತವೆ.
ಸಂಜೆ ಹೊರಡುವ ಮುಂಚೆ ನಾನು ಎಲ್ಲ ಬಿಚ್ಚುತ್ತೇನೆ.

ಇವತ್ತು ಕುಚ್ಚಿನಲ್ಲಿ ಒಂದೇ ಗಂಟು.
ಎಳೆದೆಳೆದು ಕಲ್ಲಾಗಿದೆ.
ಅದು ಲೆಕ್ಕವೋ, ಬೆರಳ ಚಾಳಿಯೋ,
ನಾನು ಹೇಗೆ ಹೇಳಲಿ?
ಗಂಟಿನ ಸಾಕ್ಷಿಯನ್ನು ಯಾವ ಆಫೀಸು ಒಪ್ಪುತ್ತದೆ?

ಅಂಜಿನಪ್ಪ ಕೆಟ್ಟವನಲ್ಲ.
ಹಗಲು ಎಟಿಎಮ್ಮಿನ ಬಾಗಿಲು ಕಾಯುತ್ತಾನೆ, ರಾತ್ರಿ ಇಲ್ಲಿ.
ಜಗಳೂರು ಬಸ್ಸಿನಲ್ಲಿ ಕಂಬಿ ಹಿಡಿದು
ನಿಂತಲ್ಲೇ ಗೊರಕೆ ಹೊಡೆದದ್ದು ಕಂಡಿದ್ದೇನೆ.
ಮನೆಯವರು ಕೊಡುವುದು ಹದಿನೆಂಟು ಸಾವಿರ,
ಅವನ ಕೈಗೆ ಹತ್ತೂವರೆ.
ಉಳಿದದ್ದು ನಗುವ ನರ್ಸಮ್ಮನಿಗೆ.

ನೀಲಮ್ಮಕ್ಕ ಹಾಸ್ಟೆಲಿನ ಅಡುಗೆಗೆ ಹೊರಡುವ ಹೊತ್ತು.
ನಾನು ಸೇರಿದ ಹೊಸದರಲ್ಲಿ ದಿನಾ ಸಂಜೆ
ನನ್ನ ಚೀಲ ಬಿಚ್ಚಿಸಿ ನೋಡುತ್ತಿದ್ದರು. ನೋಡಲಿ,
ಗುರುತಿಲ್ಲದವಳು ನಾನು.
ಆದರೆ ಗಂಡನ ಬೆನ್ನು ಮಾತ್ರ
ಒಂದು ದಿನವೂ ತಿರುಗಿಸಿ ನೋಡಲಿಲ್ಲ.
ಹೆದರಿಕೆಯಿರಬೇಕು.

ನೀರು ಕಾಯಿಸಿದೆ.
ಮಂಡಕ್ಕಿ ಭಟ್ಟಿಯ ಮಗಳು ನಾನು.
ಬಾಣಲೆಯ ಮರಳು ಎಷ್ಟು ಕಾದರೆ ಅಕ್ಕಿ ಅರಳುತ್ತದೆ,
ಎಷ್ಟಕ್ಕೆ ಕರಕಾಗುತ್ತದೆ,
ಅಮ್ಮಿಯ ಅಂಗೈ ಹೇಳುತ್ತಿತ್ತು; ನನ್ನ ಮೊಣಕೈ ಹೇಳುತ್ತದೆ.
ಸುಟ್ಟರೂ ಹೇಳಲಾರದ ಮೈಗೆ
ನೀರು ಮೊದಲು ನನ್ನನ್ನು ದಾಟಿ ಹೋಗಬೇಕು.

ಒರೆಸಿದೆ, ಕೆಂಪಿಗೆ ಗಾಳಿಯಾಡಲು ದಿಂಬು ಕೊಟ್ಟೆ.
ಪೆನ್ನು ತೆಗೆದೆ:
ಎಂಟು ನಲವತ್ತು. ಬಲಸೊಂಟ ಕೆಂಪು. ಒತ್ತಿದರೆ ಬೆಳ್ಳಗಾಗಲಿಲ್ಲ.
ಫೋಟೊ ಕಳಿಸಿದೆ. ನೀಲಮ್ಮಕ್ಕನಿಗೂ ತೋರಿಸಿದೆ.
ಅವರು ನಿಂತೇ ಇದ್ದರು. ಡಬ್ಬಿಯ ಚೀಲ ಹೆಗಲಲ್ಲೇ.

ಸಹಿ ಹಾಕುವಾಗ ಕೈ ತಡೆಯಿತು.
ರಂಜಾನಿನ ಒಂದು ಮಧ್ಯಾಹ್ನ
ಗೋಡೆಗೊರಗಿದವಳು ನಾಲ್ಕೂವರೆಗೆ ಎದ್ದಿದ್ದೆ,
ಎದ್ದು, "ಎರಡೂವರೆಗೆ ಎಡ" ಎಂದು ಬರೆದಿದ್ದೆ.
ಆ ಹಾಳೆ ಇದೇ ಪುಸ್ತಕದಲ್ಲಿದೆ.
ಹಿಂದಕ್ಕೆ ತಿರುವಿದೆ. ಹೊಡೆದು ಹಾಕಲಿಲ್ಲ, ಹರಿಯಲಿಲ್ಲ.
ಪಕ್ಕದಲ್ಲಿ ಬರೆದೆ: ಇದು ಸುಳ್ಳು. ಮಲಗಿದ್ದೆ. ಖೈರುನ್ನೀಸಾ.

ಹತ್ತಕ್ಕೆ ಫೋನು ಒದರಿತು, ಏಜೆನ್ಸಿಯ ನಂಬರು.
"ಬಾಯಲ್ಲಿ ಹೇಳಿದ್ದರೆ ಸಾಕಿತ್ತಲ್ಲಮ್ಮ,
ಬರೆಯೋದು ಯಾಕೆ ಬೇಕಿತ್ತು" ಅನ್ನುವ ಫೋನು,
ಎತ್ತದೆಯೇ ಗೊತ್ತು.

ಒದರಲಿ.
ಒಂದು ಕೈ ಹೆಗಲ ಕೆಳಗೆ, ಒಂದು ಕೈ ಮಂಡಿಗೆ,
ಯಜಮಾನರೇ, ಹೊರಳಿಸ್ತೀನಿ ಈಗ.
ಬೆರಳು ಆಗಲೇ ಕುಚ್ಚು ಹುಡುಕುತ್ತಿತ್ತು.
ಹತ್ತಿರ ಸರಿಸಿಕೊಟ್ಟೆ.