ಹನ್ನೆರಡನೆಯ ಪತ್ರ

ಮೊದಲ ಹನ್ನೊಂದು ಪತ್ರಗಳಲ್ಲಿ ಅಪ್ಪನನ್ನು ಹೊಗಳಿದ್ದೆ.
ಮಾನ್ಯ ಸಂಪಾದಕರೇ, ಮೊಂಟೆವಿಡಿಯೊದ ಗೋಯೆಸ್ ಬಡಾವಣೆಯಲ್ಲಿ
ಪಿರೊಟ್ಟೊ ತಕ್ಕಡಿ ರಿಪೇರಿ ಅಂಗಡಿಗೆ ಈಗ ಐವತ್ತು ವರ್ಷ,
ಉತ್ಕೃಷ್ಟ ಸೇವೆ, ನ್ಯಾಯವಾದ ದರ.
ಅಂಚೆಯವನು ಗೇಟಿನ ತನಕ ಬಂದು
ಬರಿಗೈ ಆಡಿಸಿ ಹೋಗುತ್ತಿದ್ದ.

ತಪ್ಪು ತಿಳಿಯಲು ಒಂದು ಇಡೀ ಚಳಿಗಾಲ ಬೇಕಾಯಿತು.
ಐವತ್ತು ವರ್ಷ ಯಾರಿಗೆ ಸುದ್ದಿ?
ಮೆಟ್ಟಿಲ ಕಲ್ಲಿಗೂ ಆಗುತ್ತದೆ ಐವತ್ತು.

ಹನ್ನೆರಡನೆಯದರಲ್ಲಿ ಅಂಗಡಿಯ ಹೆಸರನ್ನೇ ಎತ್ತಲಿಲ್ಲ.
ನಮ್ಮ ಬೀದಿಯ ಒಂಬತ್ತು ಮಾಂಸದಂಗಡಿಗಳಲ್ಲಿ
ಕಿಲೋ ಎಂದರೆ ನಿಜಕ್ಕೂ ಎಷ್ಟು,
ಒಬ್ಬ ಮುದುಕನಿಗೆ ಗೊತ್ತಿದೆ ಎಂದಷ್ಟೇ ಬರೆದೆ.
ಮಂಗಳವಾರ ಡಬ್ಬಿಗೆ ಹಾಕಿದ್ದು. ಗುರುವಾರ ಬೆಳಿಗ್ಗೆ ಬಾಗಿಲಲ್ಲಿ
ಥರ್ಮಾಸ್ ಕಂಕುಳಲ್ಲಿ ಅವುಚಿದ ಹುಡುಗಿ,
ಹಿಂದೆ ಕ್ಯಾಮೆರಾ ಹೊತ್ತವನು.

"ಸ್ಪ್ರಿಂಗು ಸೋಲುತ್ತದೆ, ಧೂಳು ಕೂರುತ್ತದೆ," ಎಂದ ಅಪ್ಪ,
"ಕೆಲವರಿಗೆ ಗೊತ್ತಿರುವುದಿಲ್ಲ."
"ಕೆಲವರಿಗೆ ಗೊತ್ತಿರುತ್ತದೆಯೋ?"
ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.
ಅವಳು ಬರೆದುಕೊಂಡದ್ದು ಅದನ್ನೇ. ಒರೆಸಿದ್ದನ್ನು.

ಭಾನುವಾರ ಅರ್ಧ ಪುಟ. ನಾನು ಬೇಡಿದ್ದೆಲ್ಲ ಅಲ್ಲಿತ್ತು:
ಅಂಗಡಿಯ ನಂಬರು, ಫೋನು,
ದೊಡ್ಡದಾಗಿ ಅಪ್ಪನ ಬೆರಳುಗಳು.
ಒಂದು ಕೆಟ್ಟ ಮಾತಿಲ್ಲ.
ಸಾಲ್ಟೊದಿಂದ ಅತ್ತೆ ಫೋನು ಮಾಡಿ ಅತ್ತಳು.

ಸೋಮವಾರ ಒಲಿವೆರಾ ಬಂದ, ಮೂಲೆಯ ಮಾಂಸದಂಗಡಿಯವ,
ಅಪ್ಪನ ಜೊತೆ ಮೂವತ್ತು ವರ್ಷ ಇಸ್ಪೀಟಾಡಿದವ.
ರಿಪೇರಿಗೆ ಕೊಟ್ಟ ತಕ್ಕಡಿ ವಾಪಸು ಕೇಳಿದ.
ಇನ್ನೂ ಬಿಚ್ಚಿಟ್ಟಿದೆಯಲ್ಲ, ಎಂದೆ.
ಬಿಚ್ಚಿದಂತೆಯೇ ಚೀಲಕ್ಕೆ ತುಂಬಿಕೊಂಡು ಹೋದ,
ಒಂದು ಸ್ಕ್ರೂ ನೆಲಕ್ಕೆ ಬಿತ್ತು, ಬಗ್ಗಲಿಲ್ಲ.
ಬುಧವಾರದೊಳಗೆ ಒಂಬತ್ತರಲ್ಲಿ ಏಳು ಮಂದಿ ಹಾಗೆ.

ಬರುವವರು ಈಗ ಬೇರೆ.
ಅರ್ಧ ಕಿಲೋ ಪೊಟ್ಟಣ ಹಿಡಿದ ಮುದುಕಿಯರು,
"ಸ್ವಲ್ಪ ನೋಡಿ ಹೇಳಪ್ಪ."
ಒಬ್ಬಳು ಹಸುಗೂಸನ್ನೇ ತಂದು ತಟ್ಟೆಯಲ್ಲಿ ಮಲಗಿಸಿದಳು,
ಆಸ್ಪತ್ರೆಯವರ ಲೆಕ್ಕ ನಂಬದೆ.
ರಿಪೇರಿಗೆ ಯಾರ ಹತ್ತಿರವೂ ಏನೂ ಇಲ್ಲ.
ಅಪ್ಪ ತೂಗುತ್ತಾನೆ, ದುಡ್ಡು ಕೇಳುವುದಿಲ್ಲ.
ಗುಲಗಂಜಿಯಷ್ಟು ಕಮ್ಮಿ ಇದ್ದರೂ ಹೇಳುತ್ತಾನೆ.
ಸಂಜೆ ಎಲೆಗಳನ್ನು ಕಲಸಿ
ಒಬ್ಬನೇ ಎರಡು ಕಡೆಗೂ ಹಂಚುತ್ತಾನೆ.

ಆ ಪುಟಕ್ಕೆ ಗಾಜು ಹಾಕಿಸಿ ತಂದೆ.
ಮೊಳೆ ಹುಡುಕುವಷ್ಟರಲ್ಲಿ ಅಪ್ಪ ಅದನ್ನು
ತಕ್ಕಡಿಯ ಮೇಲಿಟ್ಟಿದ್ದ, ಅಭ್ಯಾಸಬಲ.
ಮುಳ್ಳು ನಿಲ್ಲುವ ತನಕ ಇಬ್ಬರೂ ಕಾದೆವು.

"ಬಹುಪಾಲು ಚೌಕಟ್ಟಿನದು," ಎಂದ.